ಕತ್ತಿ ಕಾಳಗದ ಹಿಂದೆ ಒಂದು ಒಪೆರಾ

ಪ್ರಶ್ನೆ: 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಸಿನಿಮಾವನ್ನು ಮೊನ್ನೆ ನೋಡಿದೆ. ಪಾತ್ರಗಳು ಮಾತಾಡುವಾಗಲೂ ಹಿಂದೆ ಸಂಗೀತ ಹರಿಯುತ್ತಿರುತ್ತದೆ, ಆದರೂ ಮಾತು ಕೇಳದೆ ಹೋಗುವುದಿಲ್ಲ. ಇದನ್ನು ಮಾಡಿದ ಕೋರ್ನ್‌ಗೋಲ್ಡ್ ಯಾರು?

ಉತ್ತರ: ಒಳ್ಳೆಯ ಕಿವಿ ನಿಮ್ಮದು! ಎರಿಕ್ ವೋಲ್ಫ್‌ಗಾಂಗ್ ಕೋರ್ನ್‌ಗೋಲ್ಡ್ ಹಾಲಿವುಡ್‌ಗೆ ಬರುವ ಮೊದಲೇ ಯುರೋಪಿನಲ್ಲಿ ದೊಡ್ಡ ಹೆಸರು. 1897ರಲ್ಲಿ ಇಂದಿನ ಚೆಕ್ ಗಣರಾಜ್ಯದ ಬ್ರನೋದಲ್ಲಿ ಹುಟ್ಟಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ ಬೆಳೆದವರು. 11ನೇ ವಯಸ್ಸಿನಲ್ಲಿ ಬರೆದ ಬ್ಯಾಲೆಯೊಂದು (ನೃತ್ಯರೂಪಕ) 1910ರಲ್ಲಿ ವಿಯೆನ್ನಾದ ಆಸ್ಥಾನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. 23 ವರ್ಷದವರಿದ್ದಾಗ ಅವರ ‘ಡಿ ಟೋಟೆ ಷ್ಟಾಟ್’ ಒಪೆರಾ ಹ್ಯಾಂಬರ್ಗ್ ಮತ್ತು ಕಲೋನ್‌ ಎರಡೂ ಕಡೆ ಒಂದೇ ದಿನ ಶುರುವಾಯಿತು.

ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಗಾಯಕರ ದನಿಗೆ ಜಾಗ ಬಿಟ್ಟು ವಾದ್ಯಗಳಿಗೆ ಬರೆಯುವುದು ಒಪೆರಾದವರಿಗೆ ರೂಢಿ. ಕೋರ್ನ್‌ಗೋಲ್ಡ್ ಸಿನಿಮಾದ ಮಾತನ್ನೂ ಹಾಡಿನಂತೆಯೇ ಕಂಡರು. ಇನ್ನೊಮ್ಮೆ ನೋಡುವಾಗ ಗಮನಿಸಿ: ಮಾತು ಶುರುವಾದ ಕೂಡಲೇ ವಾದ್ಯಗಳು ತಗ್ಗುತ್ತವೆ, ಬಿಡುವು ಸಿಕ್ಕಲ್ಲಿ ಮತ್ತೆ ಮೇಲೇಳುತ್ತವೆ. ಅವರು ಸ್ಟುಡಿಯೊದಲ್ಲಿ ರೀಲುಗಳನ್ನು ಮತ್ತೆ ಮತ್ತೆ ಓಡಿಸಿ, ಪರದೆ ನೋಡುತ್ತಲೇ ಪಿಯಾನೊ ನುಡಿಸುತ್ತಿದ್ದರು. ದೃಶ್ಯದ ಉಸಿರಾಟ ಬೆರಳಿಗೆ ಸಿಗುವವರೆಗೂ ಬಿಡುತ್ತಿರಲಿಲ್ಲ.

ಈ ಸಿನಿಮಾದ ಹಿಂದಿನ ಕಥೆಯನ್ನೂ ಹೇಳಲೇಬೇಕು. 1934ರಿಂದ ಅವರು ವಿಯೆನ್ನಾಕ್ಕೂ ಹಾಲಿವುಡ್‌ಗೂ ಓಡಾಡಿಕೊಂಡಿದ್ದರು. 1938ರ ಆರಂಭದಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೊ ಈ ಸಿನಿಮಾಕ್ಕಾಗಿ ಅವರನ್ನು ಕರೆಸಿಕೊಂಡಿತು. ಸಿನಿಮಾ ನೋಡಿದ ಮೇಲೆ ಅವರು ‘ನನ್ನಿಂದಾಗದು’ ಎಂದು ಪತ್ರ ಬರೆದರು. ಹೊಡೆದಾಟ ಜಾಸ್ತಿ, ತಮ್ಮ ಸಂಗೀತಕ್ಕೆ ಇದು ಹೊಂದುವುದಿಲ್ಲ ಎಂಬುದು ಅವರ ಅಳುಕು. ಅಷ್ಟರಲ್ಲಿ ಆಸ್ಟ್ರಿಯಾದಿಂದ ಕೆಟ್ಟ ಸುದ್ದಿ ಬರತೊಡಗಿತು. ಅವರು ಕೆಲಸ ಒಪ್ಪಿಕೊಂಡರು. ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಯಹೂದಿಯಾದ ಅವರ ಮನೆಯನ್ನು ನಾಜಿಗಳು ಕಿತ್ತುಕೊಂಡರು. ರಾಬಿನ್ ಹುಡ್ ತಮ್ಮ ಜೀವ ಉಳಿಸಿತು ಎಂದು ಮುಂದೆ ಅವರು ಹೇಳುತ್ತಿದ್ದುದು ಸುಮ್ನೆ ಅಲ್ಲ. ಅಷ್ಟು ಭಯದ ನಡುವೆ ಕೂತು ಇಷ್ಟು ಗೆಲುವಿನ ಸಂಗೀತ ಬರೆದರಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಆಸ್ಕರ್ ಕೂಡ ಬಂತು. ಅದಕ್ಕೂ ಮೊದಲು ‘ಆಂಥನಿ ಅಡ್ವರ್ಸ್’ ಸಂಗೀತಕ್ಕೆ ಪ್ರಶಸ್ತಿ ಬಂದಾಗ, ಅಂದಿನ ನಿಯಮದಂತೆ ಅದು ಸ್ಟುಡಿಯೊ ಸಂಗೀತ ವಿಭಾಗದ ಮುಖ್ಯಸ್ಥರಿಗೆ ಹೋಗಿತ್ತು. ಈ ಸಲ ಬರೆದವರ ಕೈಗೇ ಸಿಕ್ಕಿತು.

ಪ್ರಶ್ನೆ: ಸಿನಿಮಾಕ್ಕೆ ಬಂದು ಅವರು ಪ್ರತಿಭೆ ಹಾಳುಮಾಡಿಕೊಂಡರು ಅನ್ನುತ್ತಾರೆ. ನಿಜವೇ?

ಉತ್ತರ: ನಾನು ಖಂಡಿತ ಒಪ್ಪುವುದಿಲ್ಲ. ಬೇಡದ ಸಿನಿಮಾವನ್ನು ಒಲ್ಲೆ ಎನ್ನುವ ಹಕ್ಕು ಅವರ ಒಪ್ಪಂದದಲ್ಲೇ ಇತ್ತು. ಒಪ್ಪಿಕೊಂಡದ್ದನ್ನು ಅರೆಮನಸ್ಸಿನಿಂದ ಮಾಡಲಿಲ್ಲ. 1945ರಲ್ಲಿ ಮುಗಿಸಿದ ವಯಲಿನ್ ಕನ್ಸರ್ಟೋಗೆ (ಒಂಟಿ ವಯಲಿನ್ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ) ತಮ್ಮದೇ ಸಿನಿಮಾಗಳ ಸ್ವರಗಳನ್ನು ತೆಗೆದುಕೊಂಡರು. ಕೀಳಾಗಿ ಕಂಡಿದ್ದರೆ ಹಾಗೆ ಮಾಡುತ್ತಿದ್ದರೇ? 1947ರಲ್ಲಿ ಹೆಸರಾಂತ ವಯಲಿನ್ ವಾದಕ ಯಾಷಾ ಹೈಫೆಟ್ಸ್ ಅದನ್ನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೊದಲು ನುಡಿಸಿದರು. ಹಾಲಿವುಡ್ ವಾಸನೆ ಎಂದು ಮೂಗು ಮುರಿದ ವಿಮರ್ಶಕರಿದ್ದರು. ಯುದ್ಧದ ನಂತರ ವಿಯೆನ್ನಾಕ್ಕೆ ಮರಳಿದರೂ ಹಳೆಯ ಆದರ ಸಿಗಲಿಲ್ಲ. 1957ರಲ್ಲಿ ತೀರಿಕೊಂಡಾಗ ಜನ ತಮ್ಮನ್ನು ಮರೆತರೆಂದೇ ಅವರು ನಂಬಿದ್ದರು. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಆ ಕನ್ಸರ್ಟೋವನ್ನು ಇಂದು ಜಗತ್ತಿನ ದೊಡ್ಡ ದೊಡ್ಡ ವಯಲಿನ್ ವಾದಕರು ನುಡಿಸುತ್ತಿದ್ದಾರೆ.

ಪ್ರಶ್ನೆ: ಎಲ್ಲಿಂದ ಕೇಳಲು ಶುರುಮಾಡಲಿ?

ಉತ್ತರ: ‘ದಿ ಸೀ ಹಾಕ್’ (1940) ಸಿನಿಮಾದ ಟೈಟಲ್ ಸಂಗೀತದಿಂದ. ಆಮೇಲೆ ‘ಕಿಂಗ್ಸ್ ರೋ’ (1942). ಅದನ್ನು ಕೇಳಿದರೆ ‘ಸ್ಟಾರ್ ವಾರ್ಸ್’ ಸಂಗೀತ ನೆನಪಾಗದೆ ಇರದು. ಕನ್ಸರ್ಟೋವನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ‘ಅನದರ್ ಡಾನ್’ (1937) ಸಂಗೀತ ಕೇಳಿರಿ. ಕನ್ಸರ್ಟೋದಲ್ಲಿ ವಯಲಿನ್ ಬಾಯಿ ತೆರೆದ ಕೂಡಲೇ ಆ ಸ್ವರದ ಗುರುತು ಸಿಗುತ್ತದೆ.