ಪ್ರ: ಕನ್ನಡ ಮಾಧ್ಯಮದ ಮಗಳಿಗೆ ಪಿಯು ಸೈನ್ಸ್ ಇಂಗ್ಲಿಷ್

ಜಗಳೂರಿನಿಂದ ಕೇಳಿದ್ದೀರಿ: ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ದಾವಣಗೆರೆಯಲ್ಲಿ ಪಿಯು ಸೈನ್ಸ್ ಸೇರುವ ಮುಂಚೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬೇಕಾ ಅಂತ.

ಈಗಲೇ ಬೇಡ ಅಂತೀನಿ. ನಾನೂ ಚಿತ್ರದುರ್ಗದಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವನು. ಪಿಯುಗೆ ಬಂದಾಗ ನನ್ನನ್ನು ಕಾಡಿದ್ದು ಮಾತಲ್ಲ, ಪ್ರಶ್ನೆಪತ್ರಿಕೆ. 'ವೇಗೋತ್ಕರ್ಷ' ಚೆನ್ನಾಗಿ ಗೊತ್ತಿತ್ತು, 'ಆಕ್ಸಲರೇಶನ್' ಅಂದ್ರೆ ಅದೇ ಅಂತ ಹೊಳೆಯಲಿಲ್ಲ. ಲೆಕ್ಕದ ಕೊನೆಯಲ್ಲಿದ್ದ 'ರೆಸ್ಪೆಕ್ಟಿವ್ಲಿ' (ಅಂದ್ರೆ ಕ್ರಮವಾಗಿ) ಅರ್ಥವಾಗದೆ ಬರುವ ಲೆಕ್ಕವನ್ನೂ ಬಿಟ್ಟು ಬಂದೆ. ಆ ಸಂಕಟ ನಿಮ್ಮ ಮಗಳಿಗೆ ಬೇಡ.

ಒಂದು ಕೆಲಸ ಮಾಡಿ. ರಾಜ್ಯದ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ವಿಜ್ಞಾನದ ಪುಸ್ತಕ ಎರಡೂ ಮಾಧ್ಯಮದಲ್ಲಿ ಉಚಿತವಾಗಿ ಸಿಗುತ್ತೆ. ಕನ್ನಡದಲ್ಲಿ ಮುಗಿಸಿದ ಪಾಠವನ್ನೇ ಇಂಗ್ಲಿಷಿನಲ್ಲಿ ಓದಿಸಿ, ದಿನಕ್ಕೆ ಒಂದೇ ಪುಟ ಸಾಕು. ವಿಷಯ ಮೊದಲೇ ಗೊತ್ತಿರೋದ್ರಿಂದ ಭಾಷೆ ತಾನಾಗಿ ಬಿಚ್ಚಿಕೊಳ್ಳುತ್ತೆ. 'ಡಿರೈವ್' (ಸೂತ್ರವನ್ನು ಸಾಧಿಸಿ), 'ಜಸ್ಟಿಫೈ' (ಸಮರ್ಥಿಸಿ), 'ಡಿಸ್ಟಿಂಗ್ವಿಶ್' (ವ್ಯತ್ಯಾಸ ತಿಳಿಸಿ) ಇಂಥ ಪ್ರಶ್ನೆಯ ಪದಗಳಿಗೇ ಬೇರೆ ನೋಟ್‌ಬುಕ್ ಇಡಲಿ.

ಎಸ್ಸೆಸ್ಸೆಲ್ಸಿ ಇಂಗ್ಲಿಷಿನ ಪತ್ರಲೇಖನವನ್ನು ಮಾತ್ರ ದಯವಿಟ್ಟು ಗೈಡ್ ನೋಡಿ ಬಾಯಿಪಾಠ ಮಾಡಿಸಬೇಡಿ. ನಿಮ್ಮೂರಿನ ಬಸ್ ಸಮಸ್ಯೆ ಬಗ್ಗೆ ಅವಳೇ ನಾಲ್ಕು ಸಾಲು ತಪ್ಪುತಪ್ಪಾಗಿ ಬರೆಯಲಿ, ಶಾಲೆಯ ಮೇಷ್ಟ್ರು ತಿದ್ದಲಿ. ಮುಂದೆ ಕೆಲಸಕ್ಕೆ ಅರ್ಜಿ, ಇಮೇಲ್ ಬರೆಯುವಾಗ ಬೇಕಾಗೋದು ಇದೇ. ಮಾತಿನ ಕ್ಲಾಸ್ ಬೇಕೇಬೇಕು ಅನ್ನಿಸಿದರೆ ಹತ್ತನೇ ಪರೀಕ್ಷೆ ಆದಮೇಲಿನ ರಜೆಯಲ್ಲಿ ನೋಡಿ.