ಕೊಲೆಗಾರ ಬೇಡ, ಕುರ್ಚಿಯ ಬಗ್ಗೆ ಬರೆಯಿರಿ

ನಮಸ್ಕಾರ,

ಎರಡು ಪತ್ತೇದಾರಿ ಕಾದಂಬರಿಗಳ ಬಗ್ಗೆ ನೀವು ಕಳಿಸಿದ ವಿಮರ್ಶೆ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮಗೆ ಓದುವ ಹುಚ್ಚು ನಿಜವಾಗಿಯೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಅದರಲ್ಲಿ ಮೂರೂವರೆ ಪುಟ ಬರೀ ಕಥೆ. ಕೊನೆಗೆ ಕೊಲೆಗಾರನ ಹೆಸರು, ಪಕ್ಕದಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ. 1926ರ ಪುಸ್ತಕ, ಇನ್ನೆಂಥ ಗುಟ್ಟು ಅಂತ ನೀವು ಕೇಳಬಹುದು. ಇವತ್ತು ಮೊದಲ ಸಲ ಅದನ್ನು ಕೈಗೆತ್ತಿಕೊಳ್ಳುವವರಿಗೆ ಅದು ಹೊಸ ಪುಸ್ತಕವೇ ಅಲ್ವಾ?

ಆದರೆ ಗುಟ್ಟು ಬಿಟ್ಟುಕೊಟ್ಟಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ. ಹೆಸರು ಹೇಳಿದಿರಿ, ಆ ಹೆಸರು ಓದುಗರ ಕಣ್ಣೆದುರೇ ಹೇಗೆ ಮರೆಯಾಗಿತ್ತು ಅನ್ನುವುದನ್ನು ಹೇಳಲಿಲ್ಲ. ವಿಮರ್ಶಕರ ಕೆಲಸ ಅಲ್ಲಿದೆ. ಆಕ್ರಾಯ್ಡ್‌ನ ಓದುವ ಕೋಣೆಯಲ್ಲಿ ಒಂದು ಕುರ್ಚಿ ಇದ್ದ ಜಾಗದಿಂದ ಮುಂದಕ್ಕೆ ಬಂದಿತ್ತು, ಆಮೇಲೆ ಯಾರೋ ಅದನ್ನು ವಾಪಸ್ ತಳ್ಳಿದ್ದಾರೆ. ಬೇರೆಯವರಿಗೆ ಅದು ಲೆಕ್ಕಕ್ಕೇ ಇಲ್ಲ, ಪತ್ತೇದಾರ ಪ್ವಾರೊ ಮಾತ್ರ ಅದನ್ನೇ ಹಿಡಿದು ಕೂರುತ್ತಾನೆ. ಈ ಕುರ್ಚಿಯ ಬಗ್ಗೆ ಒಂದು ಪ್ಯಾರಾ ಬರೆದಿದ್ದರೆ ಸಾಕಿತ್ತು. ಸುಳಿವು ಎಲ್ಲರ ಮುಂದೆಯೇ ಇದೆ, ಲೇಖಕಿ ಮೋಸ ಮಾಡಿಲ್ಲ ಅಂತ ಗೊತ್ತಾಗುತ್ತಿತ್ತು. ಗುಟ್ಟೂ ಉಳಿಯುತ್ತಿತ್ತು.

ಕ್ಯಾರೊಲೈನ್‌ಳನ್ನೂ ಬಿಟ್ಟಿದ್ದೀರಿ! ಕಾದಂಬರಿಯಲ್ಲಿ ಬರುವ ಊರ ವೈದ್ಯ ಡಾಕ್ಟರ್ ಶೆಪರ್ಡ್‌ನ ಅಕ್ಕ ಆಕೆ. ಮನೆಯಿಂದ ಹೊರಗೆ ಕಾಲಿಡದೆ ಊರಿನ ಸುದ್ದಿಯೆಲ್ಲ ತಿಳಿದುಕೊಳ್ಳುವವಳು. ಅವರ ಮನೆಯಲ್ಲಿ ಮಾಜಾಂಗ್ ಆಡುತ್ತಾ ಹರಟೆ ಹೊಡೆಯುವ ಒಂದು ಇಡೀ ಅಧ್ಯಾಯವೇ ಇದೆ. ಕ್ರಿಸ್ಟಿಯ ಇನ್ನೊಬ್ಬ ಪ್ರಸಿದ್ಧ ಪತ್ತೇದಾರಿಣಿ, ವಯಸ್ಸಾದ ಮಿಸ್ ಮಾರ್ಪಲ್ ಹುಟ್ಟಿದ್ದು ಬಹುಶಃ ಇವಳನ್ನು ಬರೆದ ಖುಷಿಯಿಂದಲೇ ಅಂತ ಕ್ರಿಸ್ಟಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಿಮ್ಮ ನಾಲ್ಕು ಪುಟದಲ್ಲಿ ಇವಳಿಗೆ ಒಂದು ಸಾಲೂ ಇಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂತು.

ಇನ್ನು ರೊನಾಲ್ಡ್ ನಾಕ್ಸ್‌ನ ಹತ್ತು ನಿಯಮಗಳು. ಅವನ್ನು ಪಕ್ಕದಲ್ಲಿಟ್ಟುಕೊಂಡು ಕ್ರಿಸ್ಟಿಗೆ ಮಾರ್ಕ್ಸ್ ಕೊಟ್ಟಿದ್ದೀರಿ. ನಾಕ್ಸ್ ಪಾದ್ರಿ, ಸ್ವತಃ ಪತ್ತೇದಾರಿ ಕಥೆ ಬರೆದವರು. ಒಂದಕ್ಕಿಂತ ಜಾಸ್ತಿ ಗುಪ್ತ ದಾರಿ ಇರಬಾರದು, ಅವಳಿಗಳನ್ನು ದಿಢೀರ್ ಅಂತ ತರಬಾರದು ಅಂತೆಲ್ಲ ಅರ್ಧ ತಮಾಷೆಯಲ್ಲಿ ಬರೆದಿದ್ದು 1929ರಲ್ಲಿ. ಕಾದಂಬರಿ ಬಂದು ಆಗಲೇ ಮೂರು ವರ್ಷವಾಗಿತ್ತು. ಆ ಪ್ಯಾರಾ ಪೂರ್ತಿ ತೆಗೆದುಬಿಡಿ.

ನಿಮ್ಮ ಎರಡನೇ ಪುಸ್ತಕದ ಲೇಖಕ, ಜಪಾನಿನ ಕೀಗೊ ಹಿಗಾಶಿನೊ ವಿಷಯಕ್ಕೆ ಬರೋಣ. 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ನಿಮಗೆ ಹಿಡಿಸಿಲ್ಲ, ಆಗಲಿ. ಆದರೆ "ಕೊಂದವರು ಯಾರು ಅಂತ ಮೊದಲೇ ಹೇಳಿಬಿಟ್ಟಮೇಲೆ ಕುತೂಹಲ ಎಲ್ಲಿ?" ಅನ್ನುವ ನಿಮ್ಮ ದೂರು ನಿಲ್ಲುವುದಿಲ್ಲ. ಈ ಬಗೆಯ ಕಥೆಗೆ ಒಂದು ವಂಶವೇ ಇದೆ. ಇಂಗ್ಲಿಷ್ ಲೇಖಕ ಆಸ್ಟಿನ್ ಫ್ರೀಮನ್ 1912ರ 'ದಿ ಸಿಂಗಿಂಗ್ ಬೋನ್' ಸಂಕಲನದಲ್ಲೇ ಮೊದಲು ಅಪರಾಧ ತೋರಿಸಿ, ಆಮೇಲೆ ಪತ್ತೇದಾರನನ್ನು ಕರೆತಂದಿದ್ದರು. ಅಲ್ಲಿ ಯಾರು ಅನ್ನುವುದು ಪ್ರಶ್ನೆಯಲ್ಲ, ಹೇಗೆ ಸಿಕ್ಕಿಬೀಳುತ್ತಾರೆ ಅನ್ನುವುದು ಪ್ರಶ್ನೆ. ಹಿಗಾಶಿನೊ 2005ರಲ್ಲಿ ಅದಕ್ಕೆ ಇನ್ನೊಂದು ತಿರುವು ಕೊಟ್ಟರು. ಯಾಸುಕೊ ಮಾಜಿ ಗಂಡನನ್ನು ಕೊಂದಿದ್ದು ನಮಗೆ ಗೊತ್ತು, ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಅದನ್ನು ಮುಚ್ಚಿಹಾಕಲು ಹೊರಟಿದ್ದೂ ಗೊತ್ತು. ಎಲ್ಲ ಗೊತ್ತು ಅಂದುಕೊಂಡೇ ನಾವು ಏಮಾರುತ್ತೇವೆ. ಪರೀಕ್ಷೆಗೆ ಪ್ರಶ್ನೆ ತೆಗೆಯುವ ಬಗ್ಗೆ ಮೇಷ್ಟ್ರು ಆಡುವ ಮಾತು ನೆನಪಿದೆಯಾ? ನೋಡಲು ರೇಖಾಗಣಿತದ ಲೆಕ್ಕ, ಬಿಡಿಸಲು ಹೊರಟರೆ ಬೇರೆಯದೇ ಲೆಕ್ಕ. ಆ ಪುಟಕ್ಕೆ ವಾಪಸ್ ಹೋಗಿ ಓದಿ. ಆಮೇಲೂ ಹಿಡಿಸದಿದ್ದರೆ ಯಾಕೆ ಅಂತ ಬರೆಯಿರಿ, ಖಂಡಿತ ಹಾಕುತ್ತೇನೆ. ನನಗೂ ಆ ಕಾದಂಬರಿಯಲ್ಲಿ ಯಾಸುಕೊ ಪಾತ್ರ ಸ್ವಲ್ಪ ತೆಳು ಅನ್ನಿಸಿದೆ.

ಕನ್ನಡದಲ್ಲಿ ಪತ್ತೇದಾರಿ ಸಾಹಿತ್ಯವೇ ಇಲ್ಲ ಅಂತ ಶುರುಮಾಡಿದ್ದೀರಿ. ಎನ್. ನರಸಿಂಹಯ್ಯನವರು ಬರೆದ ನೂರಾರು ಕಾದಂಬರಿಗಳು, ಅವರ ಪತ್ತೇದಾರ ಪುರುಷೋತ್ತಮ, ಇವೆಲ್ಲ ಎಲ್ಲಿಗೆ ಹೋದವು? ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಅವನ್ನು ಹುಡುಕಿಕೊಂಡು ಹೋಗಿ ಓದಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಸಾಲು ಅಚ್ಚಾದರೆ ಬೈಗುಳದ ಪತ್ರ ಬರುವುದು ನನಗೆ. ಅವು ಚೆನ್ನಾಗಿಲ್ಲ ಅನ್ನಿ, ಬೇಕಾದರೆ ಜಗಳ ಆಡೋಣ. ಇಲ್ಲವೇ ಇಲ್ಲ ಅನ್ನಬೇಡಿ.

"ಉಸಿರು ಬಿಗಿಹಿಡಿದು ಓದಿಸಿಕೊಂಡು ಹೋಗುತ್ತದೆ" ಅನ್ನುವುದು ಎರಡೂ ಪುಸ್ತಕಕ್ಕೆ ಬಂದಿದೆ. ಎರಡೂ ಕಡೆ ಹೊಡೆದುಹಾಕಿದ್ದೇನೆ.

ಈಗ ಒಂದು ಕೆಲಸ ಮಾಡಿ. ಎರಡರಲ್ಲಿ ಒಂದೇ ಪುಸ್ತಕ ಇಟ್ಟುಕೊಳ್ಳಿ. ಕಥೆಗೆ ಹತ್ತು ಸಾಲು ಸಾಕು, ಅದೂ ಮೊದಲ ಕಾಲುಭಾಗದ ಕಥೆ ಮಾತ್ರ. ಅಂತ್ಯ ಗೊತ್ತಿರುವುದರಿಂದ ಇನ್ನೊಮ್ಮೆ ಓದುವಾಗ ಸುಮ್ನೆ ಪೆನ್ಸಿಲ್ ಹಿಡಿದು ಕೂತು, ಮೊದಲ ಓದಿನಲ್ಲಿ ದಾಟಿಹೋದ ಸಾಲುಗಳಿಗೆ ಗೆರೆ ಎಳೆಯಿರಿ. ಲೇಖನ ಅಲ್ಲಿಂದ ಶುರುವಾಗಲಿ. ಎಂಟುನೂರು ಪದ ದಾಟದಿರಲಿ. ಕ್ರಿಸ್ಟಿಯನ್ನು ಆರಿಸಿಕೊಂಡರೆ ಕ್ಯಾರೊಲೈನ್ ಇಲ್ಲದೆ ಕಳಿಸಬೇಡಿ.

ಇಂತಿ,
ಸಂಪಾದಕ