ಶೇ 94 ಇದ್ದರೂ ದಡಾರ ಯಾಕೆ ಬಂತು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಡಾಲಸ್‌ನಲ್ಲಿರುವ ಮಗಳು ಎಂಟು ತಿಂಗಳ ಮೊಮ್ಮಗನೊಂದಿಗೆ ಊರಿಗೆ ಬರುತ್ತಿದ್ದಾಳೆ. ಟೆಕ್ಸಾಸ್‌ನಲ್ಲಿ ಶಾಲೆ ಸೇರುವ ಮಕ್ಕಳಲ್ಲಿ ಶೇ 94ರಷ್ಟು ಮಂದಿಗೆ ದಡಾರದ ಲಸಿಕೆ ಆಗಿದೆಯಂತೆ. ಅದು ಡಿಸ್ಟಿಂಕ್ಷನ್ ಅಲ್ವಾ? ನಮ್ಮ ಕಾಲದಲ್ಲಿ ಎಲ್ಲರಿಗೂ ದಡಾರ ಬಂದು ಹೋಗುತ್ತಿತ್ತು. ಈಗ ಯಾಕಿಷ್ಟು ಗಾಬರಿ?"

ನಮಸ್ಕಾರ. ಆ 94 ಇಡೀ ರಾಜ್ಯದ ಸರಾಸರಿ. ದಡಾರ ಸರಾಸರಿ ನೋಡಿ ಬರುವುದಿಲ್ಲ. ಪಶ್ಚಿಮ ಟೆಕ್ಸಾಸ್‌ನ ಗೇನ್ಸ್ ಕೌಂಟಿಯಲ್ಲಿ ಈ ಪ್ರಮಾಣ ಶೇ 82 ಇತ್ತು. 2025ರ ಜನವರಿ ಕೊನೆಯಲ್ಲಿ ಅಲ್ಲಿಂದಲೇ ಹರಡಲು ಶುರುವಾಯಿತು. ಆಗಸ್ಟ್‌ನಲ್ಲಿ ನಿಲ್ಲುವ ಹೊತ್ತಿಗೆ 762 ಜನರಿಗೆ ತಗುಲಿತ್ತು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಆಗಿರಲಿಲ್ಲ, ಬೇರೆ ಕಾಯಿಲೆಯೂ ಇರಲಿಲ್ಲ.

ಲೆಕ್ಕ ನೋಡಿ. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ದಡಾರ ಹರಡುತ್ತದೆ. 15 ಅಂತಿಟ್ಟುಕೊಳ್ಳಿ. ನೂರರಲ್ಲಿ 18 ಮಕ್ಕಳಿಗೆ ರಕ್ಷಣೆ ಇಲ್ಲದಿದ್ದರೆ, ಒಬ್ಬರಿಂದ ಸುಮಾರು ಮೂವರಿಗೆ, ಆ ಮೂವರಿಂದ ಒಂಬತ್ತು ಮಂದಿಗೆ. ಐದೇ ಮಕ್ಕಳಿಗೆ ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೂ ಸರಿಯಾಗಿ ದಾಟುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ. ಶೇ 95 ಬೇಕು ಅನ್ನುವುದು ಇದಕ್ಕೇ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಇರಬಲ್ಲದು. ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಹರಡುತ್ತದೆ. ಹಾಗಾಗಿ ನೋಡಿದ ಮೇಲೆ ಮಗುವನ್ನು ದೂರ ಇಟ್ಟರಾಯಿತು ಅನ್ನುವ ಉಪಾಯ ಸಾಲದು.

ನಿಮ್ಮ ಕಾಲದ ಮಾತು ನನಗೆ ಸಂಕಟ ತರುತ್ತದೆ. ಆಗ ಹುಷಾರಾದವರ ನೆನಪಷ್ಟೇ ನಮಗೆ ಸಿಗುವುದು. 1963ರಲ್ಲಿ ಲಸಿಕೆ ಬರುವ ಮೊದಲು ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 26 ಲಕ್ಷ ಜನ ಇದರಿಂದ ಸಾಯುತ್ತಿದ್ದರು. ನ್ಯುಮೋನಿಯಾ, ಮಿದುಳಿನ ಊತ ಬರಬಹುದು. ಬದುಕಿದ ಮಗುವಿನ ದೇಹವೂ ಬೇರೆ ರೋಗಗಳ ವಿರುದ್ಧ ಗಳಿಸಿದ್ದ ಶಕ್ತಿಯನ್ನು ಕಳೆದುಕೊಳ್ಳಬಹುದು.

ಇದು ಅಮೆರಿಕದ ಕಥೆ ಮಾತ್ರ ಅಲ್ಲ. 2022ರ ಕೊನೆಯಲ್ಲಿ ಮುಂಬೈನ ಗೋವಂಡಿ ಕಡೆ ಹರಡಿದಾಗಲೂ ಮಕ್ಕಳು ಸತ್ತರು. ನಮ್ಮಲ್ಲಿ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಎರಡೂ ಸರ್ಕಾರದಿಂದ ಉಚಿತ. ತಪ್ಪಿಹೋಗುವುದು ಆ ಎರಡನೆಯದೇ. ಮಗು ಓಡಾಡುತ್ತಿರುತ್ತದೆ, ಆರೋಗ್ಯವಾಗಿದೆ ಅಂತ ಸುಮ್ನಾಗುತ್ತೇವೆ. ನಿಮ್ಮ ಬೀದಿಯ ಮಕ್ಕಳ ತಾಯಿ ಕಾರ್ಡ್ ತೆಗೆಸಿ ನೋಡಿ. ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಐದು ವರ್ಷದೊಳಗೆ ಹಾಕಿಸಬಹುದು.

ಇನ್ನು ಮೊಮ್ಮಗ. ಬೇರೆ ದೇಶಕ್ಕೆ ಹೊರಡುವ 6ರಿಂದ 11 ತಿಂಗಳ ಮಕ್ಕಳಿಗೆ ಒಂದು ಡೋಸ್ ಮುಂಚೆಯೇ ಕೊಡಬೇಕು ಅಂತ ಅಮೆರಿಕದ ವೈದ್ಯರೇ ಹೇಳುತ್ತಾರೆ. ಅದು ಲೆಕ್ಕಕ್ಕಿಲ್ಲ, ವರ್ಷ ತುಂಬಿದ ಮೇಲೆ ಎರಡು ಡೋಸ್ ಬೇಕೇ ಬೇಕು. ಲಸಿಕೆ ಕೆಲಸ ಶುರುಮಾಡಲು ಸಮಯ ಬೇಕು. ವಿಮಾನ ಹತ್ತುವ ಎರಡು ವಾರ ಮೊದಲೇ ಹಾಕಿಸಲು ಮಗಳಿಗೆ ಇವತ್ತೇ ಫೋನ್ ಮಾಡಿ.